ಗೋತ್ರ ಬೇರೆ, ರಕ್ತ ಒಂದೇ

ಎರಡು ವರ್ಷದ ಮಗುವನ್ನು ಎತ್ತಿಕೊಂಡು ಬಂದ ತಾಯಿಯೊಬ್ಬರು, ‘ಮಾತು ಬಂದಿಲ್ಲ, ನಾಲಿಗೆಗೆ ಬಜೆ ತೇಯ್ದು ಹಚ್ಚಲೇ?’ ಎಂದು ನಮ್ಮನ್ನು ಕೇಳಿದರು. ನಾವು ಮಗುವಿನ ಹಿಂದೆ ನಿಂತು ಚಪ್ಪಾಳೆ ತಟ್ಟಿದೆವು. ಅದು ತಿರುಗಿ ನೋಡಲಿಲ್ಲ. ವಿಚಾರಿಸಲಾಗಿ, ಪತಿ ಆಕೆಯ ಸ್ವಂತ ಸೋದರಮಾವ. ‘ಗೋತ್ರ ನೋಡಿಯೇ ಮಾಡಿದ್ದು ಸ್ವಾಮಿ’ ಎಂದರು ಜೊತೆಗಿದ್ದ ಅಜ್ಜಿ. ಆಕೆಗೆ ಅವರೇ ಅತ್ತೆಯೂ ಹೌದು.

ಆ ಹಿರಿಯರ ಮಾತು ಸುಳ್ಳಲ್ಲ. ಚರಕಸಂಹಿತೆಯ ಶಾರೀರಸ್ಥಾನದ ಎರಡನೆಯ ಅಧ್ಯಾಯದ ಹೆಸರೇ ‘ಅತುಲ್ಯಗೋತ್ರೀಯ’. ಆದರೆ ಗೋತ್ರವಾಗಲಿ ಬೆಡಗಾಗಲಿ ಎಣಿಸುವುದು ತಂದೆಯ ಸಾಲನ್ನು ಮಾತ್ರ. ವಂಶವಾಹಿಗಳಾದರೋ ತಾಯಿಯಿಂದಲೂ ಅರ್ಧದಷ್ಟು ಬರುತ್ತವೆ. ಸೋದರಮಾವನಿಗೂ ಅಕ್ಕನ ಮಗಳಿಗೂ ಸರಾಸರಿ ನಾಲ್ಕರಲ್ಲಿ ಒಂದು ಪಾಲು ವಂಶವಾಹಿಗಳು ಸಮಾನ. ಅತ್ತೆ-ಮಾವಂದಿರ ಮಕ್ಕಳಲ್ಲಿ ಎಂಟರಲ್ಲಿ ಒಂದು.

ದೋಷವುಳ್ಳ ಕೆಲವು ವಂಶವಾಹಿಗಳನ್ನು ನಾವೆಲ್ಲರೂ ಹೊತ್ತಿದ್ದೇವೆ. ಜೋಡಿಯ ಇನ್ನೊಂದು ಪ್ರತಿ ಸರಿಯಾಗಿದ್ದರೆ ದೋಷ ಮರೆಯಲ್ಲಿ ಉಳಿಯುತ್ತದೆ; ಆದುದರಿಂದಲೇ ವಿಕಾಸದ ಜರಡಿಯೂ ಅದನ್ನು ಪೂರ್ತಿ ಸೋಸಲಾರದು. ಪತಿಪತ್ನಿಯರಿಬ್ಬರಲ್ಲೂ ಅದೇ ದೋಷವಿದ್ದರೆ ಪ್ರತಿ ಗರ್ಭದಲ್ಲಿಯೂ ಶೇ. 25ರಷ್ಟು ಅಪಾಯ. ಹುಟ್ಟುಕಿವುಡಿಗೆ ಕಾರಣವಾಗುವ ‘ಜಿಜೆಬಿ2’ ವಂಶವಾಹಿಯ ದೋಷ ಇಂತಹುದು. ಕಿವುಡಿಗೆ ಬೇರೆ ಕಾರಣಗಳೂ ಉಂಟು. ಸೋದರಿಕೆಯಲ್ಲಿ ಮದುವೆಯಾದ ಬಹುಪಾಲು ದಂಪತಿಗಳಿಗೆ ಆರೋಗ್ಯವಂತ ಮಕ್ಕಳೇ ಹುಟ್ಟುತ್ತಾರೆಂಬುದನ್ನೂ ಹೇಳಬೇಕು.

ಹೈದರಾಬಾದಿನ ಕೋಶ ಮತ್ತು ಅಣುಜೀವವಿಜ್ಞಾನ ಕೇಂದ್ರದವರೂ ಹಾರ್ವರ್ಡ್ ವಿಜ್ಞಾನಿಗಳೂ 2013ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಸುಮಾರು 1900 ವರ್ಷಗಳ ಹಿಂದಿನವರೆಗೂ ಈ ನೆಲದ ಜನಸಮುದಾಯಗಳು ವ್ಯಾಪಕವಾಗಿ ಬೆರೆತಿದ್ದವು. ಒಳಪಂಗಡದೊಳಗೇ ಕೊಟ್ಟುತರುವ ರೂಢಿ ಗಟ್ಟಿಯಾದದ್ದು ಆಮೇಲೆ. ಹೀಗಾಗಿ ಸಂಬಂಧವೇ ಇಲ್ಲವೆಂದು ತಿಳಿದ ವಧೂವರರೂ ಕೆಲವೊಮ್ಮೆ ವಂಶವಾಹಿಗಳಲ್ಲಿ ಹತ್ತಿರದವರೇ. ಜಾತಕ ಕೂಡಿಸುವ ಮನೆಗಳಲ್ಲಿ ಮೂರು ತಲೆಮಾರಿನ ಕಾಯಿಲೆಗಳನ್ನೂ ಬರೆದಿಡುವುದು ಲೇಸೆಂಬುದು ನಮ್ಮ ಅಭಿಪ್ರಾಯ.

ನಲವತ್ತು ವರ್ಷ ಕಷಾಯ ಬರೆದ ಕೈ ನಮ್ಮದು. ಆದರೂ ಇಂತಹ ಕಿವುಡಿಗೆ ನಮ್ಮಲ್ಲಿ ಔಷಧವಿಲ್ಲವೆಂದು ಒಪ್ಪಲು ಸಂಕೋಚವಿಲ್ಲ. ಮೈಸೂರಿನವರಿಗೆ ಮಾನಸಗಂಗೋತ್ರಿಯಲ್ಲೇ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ, 1965ರಲ್ಲಿ ಆರಂಭವಾದದ್ದು. ಶ್ರವಣ ಪರೀಕ್ಷೆ ಹುಟ್ಟಿದ ಒಂದು ತಿಂಗಳೊಳಗೆ ಆಗಬೇಕು. ದೋಷ ಕಂಡರೆ ಆರು ತಿಂಗಳೊಳಗೆ ಶ್ರವಣಸಾಧನ ಹಾಗೂ ತರಬೇತಿ ಆರಂಭವಾಗಬೇಕು. ಮಾತಿನ ನೆಲೆ ಮಿದುಳಿನಲ್ಲಿ ಬೇರೂರುವ ಕಾಲವದು.

ಆ ತಾಯಿಗೆ ನಾವು ಬಜೆ ಬರೆಯಲಿಲ್ಲ, ಸಂಸ್ಥೆಗೆ ಚೀಟಿ ಬರೆದೆವು. ಆಕೆ ಮತ್ತೆ ನಾಲ್ಕು ತಿಂಗಳ ಗರ್ಭಿಣಿ. ಆ ಮಗುವಿಗೂ ಪರೀಕ್ಷೆ ಮಾಡಿಸಬೇಕೆಂದು ಅದೇ ಚೀಟಿಯ ಹಿಂಬದಿಯಲ್ಲಿ ಬರೆದುಕೊಟ್ಟೆವು.