ಆಕಾಶದಲ್ಲಿ ಒಂದು ಗಂಟೆ, ಅಂಗಳದಿಂದ ಎಷ್ಟು?

ಮಂಗಳೂರಿನಿಂದ ಬೆಂಗಳೂರಿಗೆ ವಿಮಾನದಲ್ಲಿ ಒಂದೇ ಗಂಟೆ ಎಂಬ ಮಾತು ನಮ್ಮ ಬೆಳೆಗಾರರ ಬಾಯಲ್ಲಿ ಆಗಾಗ ಕೇಳಿಬರುತ್ತದೆ. ಮಾತೇನೋ ಸುಳ್ಳಲ್ಲ. ಆದರೆ ಅದೊಂದನ್ನೇ ನಂಬಿ ಹೊರಟು ನಾನು ಪಟ್ಟ ಪಾಡನ್ನು ಸದಸ್ಯ ಬಾಂಧವರಿಗೆ ತಿಳಿಸುವುದು ಒಳ್ಳೆಯದೆನಿಸಿತು.

ಒಂದು ಮಳೆಗಾಲದಲ್ಲಿ ಬೆಂಗಳೂರಿನ ಆಸ್ಪತ್ರೆಯಲ್ಲಿ ನನ್ನ ತಮ್ಮನಿಗೆ ಶಸ್ತ್ರಚಿಕಿತ್ಸೆ ಗೊತ್ತಾಗಿತ್ತು. ಸಮಯ ಬೆಳಿಗ್ಗೆ 11 ಗಂಟೆ. "ಅಣ್ಣಾ, ನನ್ನನ್ನು ಒಳಗೆ ಕರೆದೊಯ್ಯುವ ಮೊದಲು ನೀನು ಬಂದಿರಬೇಕು" ಎಂದಿದ್ದ. 7 ಗಂಟೆಯ ವಿಮಾನಕ್ಕೆ ಟಿಕೆಟ್ ಮಾಡಿಸಿ ನಿಶ್ಚಿಂತನಾಗಿದ್ದೆ. ಅಂದು ಬಜ್ಪೆಯ ಗುಡ್ಡದ ಮೇಲೆ ದಟ್ಟ ಮಂಜು. ನಮ್ಮನ್ನು ಕರೆದೊಯ್ಯಬೇಕಾದ ವಿಮಾನ ಇಳಿಯಲಾಗದೆ ಬೆಂಗಳೂರಿಗೇ ಮರಳಿತು. ನಾನು ಆಸ್ಪತ್ರೆ ಮುಟ್ಟಿದಾಗ ಮಧ್ಯಾಹ್ನ ಒಂದು ದಾಟಿತ್ತು; ತಮ್ಮ ಒಳಗಿದ್ದ, ಬಾಗಿಲು ಮುಚ್ಚಿತ್ತು. ದೇವರ ದಯೆಯಿಂದ ಎಲ್ಲವೂ ಸುಸೂತ್ರವಾಯಿತು. ಆದರೂ ಹಿಂದಿನ ರಾತ್ರಿಯ ಬಸ್ಸು ಹಿಡಿದಿದ್ದರೆ ಅವನ ಬಳಿ ಇರುತ್ತಿದ್ದೆನಲ್ಲ ಎಂಬ ಕೊರಗು ಉಳಿಯಿತು.

ಈಗ ಲೆಕ್ಕಕ್ಕೆ ಬರೋಣ. ಹಾಸನ, ಸಕಲೇಶಪುರ, ಶಿರಾಡಿ ಘಾಟಿಯ ದಾರಿಯಲ್ಲಿ ಎರಡು ನಗರಗಳ ನಡುವೆ ಸುಮಾರು 350 ಕಿ.ಮೀ. ನಕ್ಷೆಯ ಮೇಲೆ ನೂಲು ಹಿಡಿದು ಅಳೆದರೆ ಸುಮಾರು 300 ಕಿ.ಮೀ. ವಿಮಾನದಿಂದ ಉಳಿಯುವ ದೂರ ಇಷ್ಟೇ. ಮಿಕ್ಕ ಉಳಿತಾಯವೆಲ್ಲ ವೇಗದ್ದು.

ಎ.ಟಿ.ಆರ್. ವಿಮಾನ ಗಂಟೆಗೆ ಸುಮಾರು 500 ಕಿ.ಮೀ., ಜೆಟ್ ವಿಮಾನ ಸುಮಾರು 800 ಕಿ.ಮೀ. ಹಾರಬಲ್ಲವು. ಹಾಗಿದ್ದರೆ ಅರ್ಧ ಗಂಟೆ ಸಾಲದೇ? ಸಾಲದು. ವೇಳಾಪಟ್ಟಿಯ ಸಮಯವನ್ನು ಲೆಕ್ಕ ಹಿಡಿಯುವುದು ವಿಮಾನ ನಿಂತ ಜಾಗ ಬಿಟ್ಟಾಗಿನಿಂದ ಇನ್ನೊಂದೆಡೆ ಹೋಗಿ ನಿಲ್ಲುವವರೆಗೆ. ನೆಲದ ಮೇಲೆ ಸಾಗುವುದು, ಸರದಿ ಕಾಯುವುದು, ಏರುವುದು, ಇಳಿಯುವುದು ಎಲ್ಲವೂ ಅದರಲ್ಲಿ ಸೇರಿವೆ. ಇಷ್ಟು ಸಣ್ಣ ದಾರಿಯಲ್ಲಿ ಏರಿ ಮುಗಿಯುವಷ್ಟರಲ್ಲಿ ಇಳಿಯುವ ಹೊತ್ತಾಗಿರುತ್ತದೆ.

ಇನ್ನು ಮನೆಯಂಗಳದ ಲೆಕ್ಕ. ಪುತ್ತೂರಿನ ಕಡೆಯ ತೋಟದಿಂದ ಬಜ್ಪೆಗೆ ಒಂದೂವರೆ ಗಂಟೆ. ಅಲ್ಲಿ ತಪಾಸಣೆ, ಕಾಯುವಿಕೆಗೆ ಒಂದೂವರೆ ಗಂಟೆ. ಹಾರಾಟಕ್ಕೆ ಒಂದು. ಇಳಿದು ಸಾಮಾನು ಪಡೆಯಲು ಅರ್ಧ. 2008ರಿಂದ ಬೆಂಗಳೂರಿನ ವಿಮಾನ ನಿಲ್ದಾಣ ದೇವನಹಳ್ಳಿಯ ಬಳಿ ಇರುವುದರಿಂದ ಪೇಟೆಯೊಳಗೆ ಬರಲು ಮತ್ತೆ ಒಂದೂವರೆ. ಒಟ್ಟು ಆರು ಗಂಟೆ! ರಾತ್ರಿ ಬಸ್ಸಿಗೆ ಏಳೆಂಟು ಗಂಟೆ. ಅದೂ ನಿದ್ದೆಯ ಹೊತ್ತಿನಲ್ಲಿ. ಸಕಲೇಶಪುರದ ಕಾಫಿ ಬೆಳೆಗಾರರಂತೂ ವಿಮಾನಕ್ಕಾಗಿ 130 ಕಿ.ಮೀ. ಪಡುವಣಕ್ಕೆ ಇಳಿಯುವ ಬದಲು 220 ಕಿ.ಮೀ. ಮೂಡಣಕ್ಕೆ ಹೋದರೆ ಬೆಂಗಳೂರೇ ಸಿಗುತ್ತದೆ.

ವಿಮಾನ ಬೇಡವೆಂದು ಇದರ ಅರ್ಥವಲ್ಲ. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದು ಶಿರಾಡಿಯ ರಸ್ತೆಯೂ ಸಕಲೇಶಪುರ–ಸುಬ್ರಹ್ಮಣ್ಯದ ರೈಲೂ ನಿಂತಾಗ ಅದರ ಬೆಲೆ ತಿಳಿಯಿತು. ಮಂಗಳೂರು ಪೇಟೆಯಲ್ಲೇ ಇರುವವರಿಗೂ ಅದು ಅನುಕೂಲವೇ. ನಮ್ಮಂಥ ತೋಟದವರು ಮಾತ್ರ ಟಿಕೆಟಿನಲ್ಲಿ ಬರೆದ ಸಮಯವನ್ನಲ್ಲ, ಮನೆಯಿಂದ ಹೋಗಬೇಕಾದ ಬಾಗಿಲಿನವರೆಗಿನ ಸಮಯವನ್ನು ಎಣಿಸಬೇಕು. ಆಸ್ಪತ್ರೆ, ಕೋರ್ಟು, ಸಂದರ್ಶನದಂಥ ತಪ್ಪಿಸಲಾಗದ ಕೆಲಸವಿದ್ದರೆ, ಅದರಲ್ಲೂ ಮಳೆಗಾಲದಲ್ಲಿ, ಹಿಂದಿನ ದಿನವೇ ಹೊರಡುವುದು ಲೇಸು.