ಹಣದ ವಿಳಾಸ

ದೊಡ್ಡಬಳ್ಳಾಪುರದ ಮಗ್ಗದಲ್ಲಿ ನೇಯ್ದ ಸೀರೆಗಳು ಹೈದರಾಬಾದಿನ ಅಂಗಡಿಯೊಂದಕ್ಕೆ ಹೋದವು ಎಂದುಕೊಳ್ಳಿ. ಸೀರೆಗಳೇನೋ ಲಾರಿಯಲ್ಲಿ ಹೋದವು. ಅವುಗಳ ಬೆಲೆಯಾದ 40,000 ರೂಪಾಯಿ ಯಾವ ಗಾಡಿ ಹತ್ತಿ ಬಂತು?

ವಿದ್ಯಾರ್ಥಿ ಮಿತ್ರರೇ, ನೋಟುಗಳು ಎಲ್ಲಿಗೂ ಪ್ರಯಾಣ ಮಾಡುವುದಿಲ್ಲ. ಅಂಗಡಿಯವರ ಖಾತೆಯಲ್ಲಿ ಕಳೆದು, ನೇಕಾರರ ಖಾತೆಯಲ್ಲಿ ಕೂಡುತ್ತಾರೆ, ಅಷ್ಟೆ. ಎರಡೂ ಖಾತೆಗಳು ಒಂದೇ ಬ್ಯಾಂಕಿನಲ್ಲಿದ್ದರೆ ಇದು ಸುಲಭ. ಬ್ಯಾಂಕುಗಳು ಬೇರೆಯಾದರೆ? ನಮಗೆ ಬ್ಯಾಂಕಿನಲ್ಲಿ ಖಾತೆ ಇರುವಂತೆ, ಬ್ಯಾಂಕುಗಳಿಗೆ ರಿಸರ್ವ್ ಬ್ಯಾಂಕಿನಲ್ಲಿ ಖಾತೆ ಇರುತ್ತದೆ. ಬ್ಯಾಂಕುಗಳು ತಮ್ಮ ಕೊಡುಕೊಳ್ಳುವಿಕೆಯನ್ನು ಅಲ್ಲಿ ಚುಕ್ತಾ ಮಾಡಿಕೊಳ್ಳುತ್ತವೆ.

ಹಿಂದೆ ಇದಕ್ಕೆ ಡಿ.ಡಿ. ತೆಗೆಸಿ ಅಂಚೆಯಲ್ಲಿ ಕಳುಹಿಸಿ, ದಿನಗಟ್ಟಲೆ ಕಾಯಬೇಕಿತ್ತು. 2005ರ ನವೆಂಬರಿನಲ್ಲಿ 'ನೆಫ್ಟ್' ವ್ಯವಸ್ಥೆ ಬಂತು. ಇದರಲ್ಲಿ ದೇಶದ ನಾನಾ ಕಡೆಯ ಪಾವತಿಗಳನ್ನು ಅರ್ಧ ಗಂಟೆಗೊಮ್ಮೆ ಒಟ್ಟುಗೂಡಿಸಿ ಇತ್ಯರ್ಥ ಮಾಡುತ್ತಾರೆ. 2019ರ ಡಿಸೆಂಬರ್ 16ರಿಂದ ಇದು ರಜಾದಿನವೂ ಸೇರಿ ದಿನದ 24 ಗಂಟೆ ನಡೆಯುತ್ತಿದೆ. 2 ಲಕ್ಷ ರೂಪಾಯಿ ಮತ್ತು ಅದಕ್ಕೂ ಮೇಲ್ಪಟ್ಟ ಮೊತ್ತಕ್ಕೆ 'ಆರ್‌ಟಿಜಿಎಸ್' ಇದೆ. ಅದರಲ್ಲಿ ಪ್ರತಿಯೊಂದು ಪಾವತಿಯೂ ಬಿಡಿಬಿಡಿಯಾಗಿ, ಆಗಿಂದಾಗಲೇ ಇತ್ಯರ್ಥವಾಗುತ್ತದೆ.

ಕಾಗದಕ್ಕೆ ವಿಳಾಸವಿರುವಂತೆ ಹಣಕ್ಕೂ ವಿಳಾಸ ಬೇಕು. ಪಾಸ್ ಪುಸ್ತಕದ ಮೊದಲ ಪುಟ ತೆರೆದು ನೋಡಿ. ಅಲ್ಲಿ 11 ಸ್ಥಾನಗಳ 'ಐಎಫ್‌ಎಸ್‌ಸಿ' ಸಂಕೇತ ಕಾಣುತ್ತದೆ. ಮೊದಲ 4 ಅಕ್ಷರಗಳು ಬ್ಯಾಂಕನ್ನು, ಕೊನೆಯ 6 ಸ್ಥಾನಗಳು ಶಾಖೆಯನ್ನು ತಿಳಿಸುತ್ತವೆ. ನಡುವಿನದು ಸೊನ್ನೆ. ಇದರ ಜೊತೆಗೆ ಖಾತೆಯ ಸಂಖ್ಯೆ ಬೇಕು.

ಎಚ್ಚರ ಬೇಕಾದುದು ಇಲ್ಲಿಯೇ. ನೆಫ್ಟ್ ಹಣ ಜಮೆಯಾಗುವುದು ಖಾತೆಯ ಸಂಖ್ಯೆಯನ್ನು ನೋಡಿ, ಹೆಸರನ್ನು ನೋಡಿ ಅಲ್ಲ. ಒಂದು ಅಂಕಿ ತಪ್ಪಿ, ಆ ಸಂಖ್ಯೆಯ ಖಾತೆ ಇಲ್ಲವೇ ಇಲ್ಲ ಎಂದಾದರೆ ಹಣ ವಾಪಸು ಬರುತ್ತದೆ. ಅದು ಬೇರೊಬ್ಬರ ಖಾತೆಯಾಗಿದ್ದರೆ? ಒಂದು ತಿಂಗಳ ದುಡಿಮೆ ಅಪರಿಚಿತರ ಪಾಲಾದೀತು.

ಯೂರೋಪಿನ ದೇಶಗಳು ಇದಕ್ಕೊಂದು ಜಾಣ ಉಪಾಯ ಮಾಡಿವೆ. ಅಲ್ಲಿನ 'ಐಬಾನ್' ಎಂಬ ಖಾತೆ ಸಂಖ್ಯೆಯಲ್ಲಿ ಮೊದಲ 2 ಅಕ್ಷರಗಳು ದೇಶವನ್ನು ಹೇಳುತ್ತವೆ. ಮುಂದಿನ 2 ಅಂಕಿಗಳು ತಾಳೆ ನೋಡುವ ಅಂಕಿಗಳು. ಇಡೀ ಸಂಖ್ಯೆಯನ್ನು ಗೊತ್ತಾದ ಕ್ರಮದಲ್ಲಿ ಜೋಡಿಸಿ 97ರಿಂದ ಭಾಗಿಸಿದಾಗ 1 ಶೇಷ ಉಳಿಯಲೇಬೇಕು. ಒಂದು ಅಂಕಿ ತಪ್ಪಿದರೂ ಲೆಕ್ಕ ಹೊಂದುವುದಿಲ್ಲ. ಜರ್ಮನಿಯಿಂದ ಸ್ಪೇನಿಗೆ ಯೂರೋ ಕಳುಹಿಸುವವರಿಗೆ ಹೊರಡುವ ಮೊದಲೇ ತಪ್ಪು ಸಿಕ್ಕಿಬೀಳುತ್ತದೆ. ನೀವು ಗಣಿತದಲ್ಲಿ ಕಲಿಯುವ ಶೇಷದ ಉಪಯೋಗ ನೋಡಿ!

ನಮ್ಮಲ್ಲಿ ರಿಸರ್ವ್ ಬ್ಯಾಂಕ್ ಬೇರೆ ದಾರಿ ಹಿಡಿಯಿತು. ಹಣ ಕಳುಹಿಸುವ ಮುನ್ನ ಆ ಖಾತೆ ಯಾರ ಹೆಸರಿನಲ್ಲಿದೆ ಎಂದು ತೋರಿಸುವ ಸೌಲಭ್ಯವನ್ನು 2025ರ ಏಪ್ರಿಲ್ 1ರೊಳಗೆ ಒದಗಿಸುವಂತೆ ಬ್ಯಾಂಕುಗಳಿಗೆ ಸೂಚಿಸಿತು. ಇದಕ್ಕೆ ಶುಲ್ಕವಿಲ್ಲ.

ಮನೆಯಲ್ಲಿ ಹಿರಿಯರು ಹಣ ಕಳುಹಿಸುವಾಗ ನೀವು ಪಕ್ಕದಲ್ಲಿ ಕುಳಿತು ಸಂಖ್ಯೆಯನ್ನು ಎರಡು ಸಲ ಓದಿ ಹೇಳಿ. ತೋರಿಬರುವ ಹೆಸರನ್ನು ಹೊಂದಿಸಿ ನೋಡಿ. ತಪ್ಪಾಯಿತೆಂದು ಕಂಡರೆ ತಡಮಾಡದೆ ಬ್ಯಾಂಕಿಗೆ ಬರಹದಲ್ಲಿ ತಿಳಿಸಿ.