ಡಿಜಿಟಲ್ ಪ್ರಮಾಣಪತ್ರ: ಸಹಿ ಹಾಕಿದವರು ಯಾರು?

ಬ್ಯಾಂಕಿಗೆ ಬಂದ ಚೆಕ್ಕಿನ ಸಹಿಯನ್ನು ಮಾದರಿ ಸಹಿಯೊಡನೆ ತಾಳೆ ನೋಡಿದ ಬಳಿಕವೇ ನಾವು ಹಣ ಪಾವತಿಸುತ್ತೇವೆ. ಅಂತರ್ಜಾಲದಲ್ಲಿ ಬ್ಯಾಂಕಿನ ತಾಣವನ್ನು ತೆರೆದಾಗ ಬ್ರೌಸರ್ ಕೂಡ ನಮಗೆ ಕಾಣದಂತೆ ಇದೇ ಕೆಲಸವನ್ನು ಮಾಡುತ್ತದೆ. ಅದು ಪರಿಶೀಲಿಸುವ ದಾಖಲೆಯೇ ಡಿಜಿಟಲ್ ಪ್ರಮಾಣಪತ್ರ.

ಅದನ್ನು ತಯಾರಿಸುವುದು ಕಷ್ಟವೇನಲ್ಲ. ಓಪನ್‌ಎಸ್‌ಎಸ್‌ಎಲ್ ಎಂಬ ತಂತ್ರಾಂಶವು 1998ರಿಂದ ಉಚಿತವಾಗಿ ದೊರೆಯುತ್ತಿದೆ. ಅದು ಮೊದಲು ಜೋಡಿ ಕೀಲಿಗಳನ್ನು ಸೃಷ್ಟಿಸುತ್ತದೆ. ಒಂದು ಗುಟ್ಟಿನದು, ಒಡೆಯನ ಬಳಿಯಲ್ಲೇ ಉಳಿಯತಕ್ಕದ್ದು, ಇನ್ನೊಂದು ಬಹಿರಂಗ. ಗುಟ್ಟಿನ ಕೀಲಿಯಿಂದ ಹಾಕಿದ ಸಹಿಯನ್ನು ಬಹಿರಂಗ ಕೀಲಿಯಿಂದ ಯಾರು ಬೇಕಾದರೂ ಪರೀಕ್ಷಿಸಬಹುದು. ತಾಣದ ಹೆಸರು, ಬಹಿರಂಗ ಕೀಲಿ, ಅವಧಿ ಇವನ್ನು ಒಂದೆಡೆ ಬರೆದು ಸಹಿ ಹಾಕಿದರೆ ಪತ್ರ ಸಿದ್ಧ. ಮನೆಯಲ್ಲಿ ಕುಳಿತು ನಮ್ಮ ಬ್ಯಾಂಕಿನ ಹೆಸರಿನಲ್ಲಿಯೂ ಒಬ್ಬನು ಇದನ್ನು ಮಾಡಿಯಾನು! ಆದರೆ ತಾನೇ ಸಹಿ ಹಾಕಿಕೊಂಡ ಪತ್ರವನ್ನು ಬ್ರೌಸರ್ ನಂಬದು. ತನ್ನ ಪಟ್ಟಿಯಲ್ಲಿರುವ ಪ್ರಮಾಣೀಕರಣ ಸಂಸ್ಥೆಯೊಂದರ ಸಹಿಯನ್ನು ಅದು ಕೇಳುತ್ತದೆ.

ಆ ಸಂಸ್ಥೆಯ ಸಹಿಯೇ ದುರುಪಯೋಗವಾದರೆ? 2014ರ ಜುಲೈಯಲ್ಲಿ ಗೂಗಲ್, ಯಾಹೂ ತಾಣಗಳ ಹೆಸರಿನ ಅನಧಿಕೃತ ಪತ್ರಗಳು ಬೆಳಕಿಗೆ ಬಂದವು. ಅವುಗಳ ಮೇಲಿದ್ದುದು ಕೇಂದ್ರ ಸರಕಾರದ ಎನ್‌ಐಸಿ ಸಂಸ್ಥೆಯ ಸಹಿ. ಇಂತಹ ಸಂಸ್ಥೆಗಳ ಮೇಲಿನ ಸರಕಾರಿ ನಿಯಂತ್ರಕರು ಎನ್‌ಐಸಿಗೆ ಕೊಟ್ಟಿದ್ದ ಪತ್ರಗಳನ್ನು ರದ್ದುಗೊಳಿಸಿದರು. ಗೂಗಲ್ ಅಷ್ಟಕ್ಕೆ ತೃಪ್ತವಾಗದೆ, ಭಾರತದ ಮೂಲ ಪತ್ರದ ಮಾನ್ಯತೆಯನ್ನು ತನ್ನ ಬ್ರೌಸರಿನಲ್ಲಿ ಬೆರಳೆಣಿಕೆಯ ವಿಳಾಸಗಳಿಗಷ್ಟೇ ಸೀಮಿತಗೊಳಿಸಿತು. ನಂಬಿಕೆ ಕಳೆದುಕೊಳ್ಳಲು ವಾರವೂ ಬೇಕಾಗಲಿಲ್ಲ.

ಬ್ರೌಸರಿನ ಬೀಗದ ಚಿಹ್ನೆಯ ಕುರಿತೂ ಓದುಗರಲ್ಲಿ ತಪ್ಪು ಕಲ್ಪನೆಯಿದೆ. ಸಂಪರ್ಕವು ಆ ವಿಳಾಸದೊಡನೆಯೇ ಗುಪ್ತವಾಗಿ ನಡೆದಿದೆ ಎಂದಷ್ಟೇ ಅದರ ಅರ್ಥ. ಆ ಕಡೆಯವನು ಪ್ರಾಮಾಣಿಕನೆಂದಲ್ಲ. ಹೋಲುವ ಹೆಸರಿನ ತಾಣಕ್ಕೆ ವಂಚಕನೂ ಕ್ರಮಬದ್ಧ ಪತ್ರವನ್ನೇ ಪಡೆಯಬಲ್ಲ. ಆದುದರಿಂದಲೇ ರಿಸರ್ವ್ ಬ್ಯಾಂಕು 2025ರಲ್ಲಿ ಬ್ಯಾಂಕುಗಳಿಗೆ ‘ಡಾಟ್ ಬ್ಯಾಂಕ್ ಡಾಟ್ ಇನ್’ ಎಂದು ಕೊನೆಗೊಳ್ಳುವ ಪ್ರತ್ಯೇಕ ವಿಳಾಸವನ್ನು ಕಡ್ಡಾಯಗೊಳಿಸಿ, ಅಕ್ಟೋಬರ್ 31ರ ಗಡುವು ನೀಡಿತು. ಬೀಗಕ್ಕಿಂತ ಮೊದಲು ವಿಳಾಸವನ್ನು ಓದಿರಿ.

ಈ ಪ್ರಮಾಣಪತ್ರದ ಇನ್ನೊಂದು ರೂಪ ನಮ್ಮವರ ಕೈಯಲ್ಲೇ ಇದೆ. ಕಂಪೆನಿ ನಡೆಸುವ ಹೋಟೆಲ್ ಉದ್ಯಮಿಗಳು ಸರಕಾರಿ ದಾಖಲೆ ಸಲ್ಲಿಸಲು ಬಳಸುವ ಪುಟ್ಟ ಯುಎಸ್‌ಬಿ ಟೋಕನ್‌ನೊಳಗೆ ಅವರ ಗುಟ್ಟಿನ ಕೀಲಿಯಿರುತ್ತದೆ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯಂತೆ ಆ ಸಹಿಗೆ ಕೈಬರಹದ ಸಹಿಯಷ್ಟೇ ಮಾನ್ಯತೆ. ಖಾಲಿ ಚೆಕ್ಕಿಗೆ ಸಹಿ ಹಾಕಿ ಕೊಡಲು ಹಿಂಜರಿಯುವವರೂ ಟೋಕನ್ನನ್ನು ಪಿನ್ ಸಮೇತ ಲೆಕ್ಕಿಗರ ಮೇಜಿನಲ್ಲಿ ವರ್ಷಗಟ್ಟಲೆ ಬಿಟ್ಟುಬಿಡುವುದನ್ನು ನಾವು ಕಂಡಿದ್ದೇವೆ. ಹಾಗೆ ಬಿಟ್ಟವರು ಅದನ್ನು ಮರಳಿ ಪಡೆದು ಪಿನ್ ಬದಲಿಸಿಕೊಳ್ಳಲಿ. ಕಳೆದುಹೋಗಿದ್ದರೆ, ಚೆಕ್ ಪುಸ್ತಕ ಕಳೆದಾಗ ಬ್ಯಾಂಕಿಗೆ ಧಾವಿಸುವಂತೆ, ಕೊಟ್ಟ ಸಂಸ್ಥೆಗೆ ಕೂಡಲೇ ತಿಳಿಸಿ ಪತ್ರವನ್ನು ರದ್ದುಪಡಿಸಬೇಕು.